ಏಳನೇ ನಂಬರಿನ ಮಂಚ

ಇಪ್ಪತ್ತೊಂದು ದಿನಕ್ಕೊಮ್ಮೆ ನನ್ನ ಸೊಂಟಕ್ಕೆ ಒಂದು ಇಂಜೆಕ್ಷನ್ ಬೀಳುತ್ತದೆ. ಹೃದಯದ ಕವಾಟ ಕೆಟ್ಟವರಿಗೆ ಕೊಡುವ ಪೆನಿಸಿಲಿನ್. ಸೂಜಿ ದಪ್ಪ, ಔಷಧಿ ಮಂದ, ಒಳಗೆ ಇಳಿಯುವಾಗ ನೋವು ಕಾಲಿನವರೆಗೂ ಹರಿಯುತ್ತದೆ. ಅರ್ಧ ದಿನ ಕುಂಟುತ್ತೇನೆ, ಹೊಲಿಗೆ ಮಷಿನ್ನಿನ ಪೆಡಲ್ ತುಳಿಯಲು ಆಗುವುದಿಲ್ಲ. ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂ ಊರಿನಲ್ಲಿರುವ ನನ್ನ ಅಂಗಡಿಗೆ ಬರುವ ಹೆಂಗಸರು ನಾನು ಕುಂಟುವುದನ್ನು ನೋಡಿದರೆ ಸಾಕು, ಇವತ್ತು ಹುಲಿಗೆಮ್ಮನ ಸೂಜಿ ದಿನ, ಬ್ಲೌಸ್ ಸಿಗುವುದಿಲ್ಲ ಎಂದು ನಗುತ್ತಾ ವಾಪಸ್ ಹೋಗುತ್ತಾರೆ. ದಿನವಿಡೀ ಸೂಜಿ ಹಿಡಿಯುವವಳಿಗೇ ಸೂಜಿ ಬಿತ್ತು ನೋಡು ಎಂದು ಗೇಲಿಯನ್ನೂ ಮಾಡುತ್ತಾರೆ.

ನೋವಿನ ಬಗ್ಗೆ ನನಗೆ ದೂರಿಲ್ಲ. ಆದರೆ ಪ್ರತಿ ಸಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಒಬ್ಬರು ನೆನಪಾಗುತ್ತಾರೆ. ಅವರು ಸುಮಿತ್ರಾ ಸಿಸ್ಟರ್. ನನ್ನ ಜೀವಕ್ಕೆ ಕುತ್ತು ತಂದವರೂ ಅವರೇ, ಉಳಿಸಿದವರೂ ಅವರೇ. ಅವರಿಗೆ ನಾನು ಮಾಡಿದ್ದು ಮಾತ್ರ ಅನ್ಯಾಯ. ಅದನ್ನು ಬಿಟ್ಟು ನನ್ನ ಕಾಯಿಲೆಯ ಕಥೆ ಬರೆದರೆ ಅರ್ಧ ಸುಳ್ಳು ಬರೆದ ಹಾಗಾಗುತ್ತದೆ.

ಕಾಯಿಲೆ ಗೊತ್ತಾಗಿದ್ದು ಹಂಪಿಯಲ್ಲಿ. ಸಂಡೂರಿನಿಂದ ಬಂದಿದ್ದ ನಾದಿನಿಯ ಮನೆಯವರನ್ನು ಕರೆದುಕೊಂಡು ಹೇಮಕೂಟ ಹತ್ತುತ್ತಿದ್ದೆವು. ಅದೇನು ದೊಡ್ಡ ಬೆಟ್ಟವಲ್ಲ, ಮುದುಕರೂ ಹತ್ತುತ್ತಾರೆ. ನಾನು ಮಾತ್ರ ಅರ್ಧಕ್ಕೇ ಬಂಡೆಯ ಮೇಲೆ ಕೂತುಬಿಟ್ಟೆ. ಉಸಿರು ಎಳೆದರೂ ಒಳಗೆ ಹೋಗುತ್ತಿಲ್ಲ. ನಾದಿನಿ ತಿಂಡಿ ಜಾಸ್ತಿ ತಿಂದಿರಬೇಕು ಎಂದಳು. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಮನೆಯಲ್ಲಿ ಒಂದು ಕೊಡ ನೀರು ಎತ್ತಿದರೂ ಎದೆ ಢವಢವ ಅನ್ನತೊಡಗಿತು. ಮಲಗಿದರೆ ಕೆಮ್ಮು, ಎದ್ದು ಕೂತರೆ ಆರಾಮ.

ಹೊಸಪೇಟೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಚಿಕ್ಕವಳಿದ್ದಾಗ ಗಂಟಲು ನೋವು ಬಂದು ಮಂಡಿ ಬಾತಿತ್ತೇ ಎಂದರು. ಬಾತಿತ್ತು. ಹತ್ತು ವರ್ಷದವಳಿದ್ದಾಗ ಅವ್ವ ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿದ್ದಳು, ಬಾವು ಇಳಿದಿತ್ತು, ಎಲ್ಲರೂ ಮರೆತಿದ್ದೆವು. ಮಂಡಿಯನ್ನು ಬಿಟ್ಟ ಕಾಯಿಲೆ ಹೃದಯದಲ್ಲಿ ಮೂವತ್ತು ವರ್ಷ ಸುಮ್ಮನೆ ಕೂತಿತ್ತಂತೆ. ನನ್ನ ಗಂಡ ವೀರೇಶ ಲಾರಿ ಟೈರಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಹೆದರಿಕೆಯಾದರೆ ಜೋರು ಮಾತಾಡುವ ಮನುಷ್ಯ. ಅವತ್ತು ಮಾತ್ರ ಸಂಜೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಒಲೆಯ ಮುಂದೆ ಇಟ್ಟ, ಕೂತು ರೊಟ್ಟಿ ಮಾಡು ಎನ್ನುವ ಹಾಗೆ. ಆ ಕುರ್ಚಿ ನೋಡಿಯೇ ನನಗೆ ಅಳು ಬಂತು.

ಉಸಿರಾಟ ಹೆಚ್ಚು ಕೆಟ್ಟಾಗ ಒಂದು ಆಸ್ಪತ್ರೆಗೆ ಸೇರಿಸಿದರು. ಅದರ ಹೆಸರು ಬರೆಯುವುದಿಲ್ಲ. ಹೆಂಗಸರ ವಾರ್ಡಿನಲ್ಲಿ ಎರಡು ಸಾಲು ಮಂಚ. ನನ್ನದು ಎರಡನೇ ನಂಬರು. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅದಕ್ಕೊಂದು ಕಾರಣವೂ ಇತ್ತು. ಹುಲಿಗಿಯ ಅಮ್ಮನಿಗೆ ಹರಕೆ ಹೊತ್ತು ಹುಟ್ಟಿದವರೇ ನಮ್ಮ ಸೀಮೆಯಲ್ಲಿ ಜಾಸ್ತಿ. ಹುಲಿಗೆಮ್ಮ ಎಂದು ಕರೆದರೆ ಆ ವಾರ್ಡಿನಲ್ಲಿ ಮೂರು ಜನ ಏಳುತ್ತಿದ್ದೆವು. ಸಿಸ್ಟರುಗಳಿಗೆ ನಂಬರೇ ಸಲೀಸು. ಎರಡಕ್ಕೆ ಮಾತ್ರೆ, ಐದಕ್ಕೆ ಡ್ರಿಪ್, ಎಂಟು ಮನೆಗೆ ಹೋಗುತ್ತದೆ. ನಾವೂ ಒಬ್ಬರನ್ನೊಬ್ಬರು ಹಾಗೇ ಕರೆದುಕೊಳ್ಳುತ್ತಿದ್ದೆವು, ನಗುತ್ತಲೇ.

ಮೂರನೇ ದಿನ ಬೆಳಿಗ್ಗೆ ಬಂಡ್ರಿಯಿಂದ ಒಬ್ಬ ಅಜ್ಜಿಯನ್ನು ಕರೆತಂದರು. ಹೆಸರು ಗಂಗಮ್ಮ. ಸಕ್ಕರೆ ಕಾಯಿಲೆ, ಕಾಲಲ್ಲಿ ಗಾಯ. ಎದುರಿನ ಸಾಲಿನ ಏಳನೇ ಮಂಚ ಕೊಟ್ಟು, ಫೈಲನ್ನು ಮಂಚದ ತುದಿಗೆ ತೂಗುಹಾಕಿ, ರಾತ್ರಿಪಾಳಿಯ ಸಿಸ್ಟರು ಪಾಳಿ ಬಿಟ್ಟುಕೊಡಲು ಒಳಗೆ ಹೋದರು. ಅಜ್ಜಿಯ ಮಗ ಇಡ್ಲಿ ತರಲು ಹೋದ. ಅಜ್ಜಿ ಮಾತ್ರ ಮಲಗಲಿಲ್ಲ. ಆ ಸಾಲಿನ ಮಂಚಗಳ ತಲೆ ಉತ್ತರದ ಗೋಡೆಗಿತ್ತು.

"ಉತ್ತರಕ್ಕ ತಲಿ ಹಾಕಿದ್ರ ನಾ ಎದ್ದು ಮನಿಗೆ ಹೋಗಂಗಿಲ್ಲ ತಂಗಿ," ಎಂದು ನನಗೆ ಹೇಳಿದಳು. ತಿರುಗಿ ಮಲಗು ಎಂದರೆ ನಡುವಿನ ದಾರಿಗೆ ತಲೆಯಾಗುತ್ತದೆ, ಓಡಾಡುವವರ ಕಾಲು ತಾಗುತ್ತದೆ ಎಂದಳು. ಬಾತ ಕಾಲನ್ನು ಇಳಿಬಿಟ್ಟು ಕೂತೇ ಇದ್ದಳು. ನನಗೆ ಹೇಗೂ ಮಲಗಲು ಆಗುತ್ತಿರಲಿಲ್ಲ, ಮೂರು ದಿಂಬು ಒರಗಿಸಿ ಕೂತೇ ನಿದ್ದೆ ಮಾಡುವವಳು. ಕೂತವಳಿಗೆ ಯಾವ ಉತ್ತರ, ಯಾವ ದಕ್ಷಿಣ? ನೀನು ನನ್ನ ಮಂಚಕ್ಕೆ ಬಾ ಅಜ್ಜಿ ಎಂದೆ. ಅವಳು ಎರಡಕ್ಕೆ ಬಂದು ಮುಸುಕು ಹಾಕಿ ಮಲಗಿದಳು. ನಾನು ನನ್ನ ದಿಂಬು ಎತ್ತಿಕೊಂಡು ಏಳಕ್ಕೆ ಹೋಗಿ ಕೂತೆ. ಒಂದು ಪುಣ್ಯದ ಕೆಲಸ ಮಾಡಿದೆ ಎಂದು ಒಳಗೊಳಗೇ ಖುಷಿಯೂ ಆಯಿತು.

ಫೈಲುಗಳು ಇದ್ದಲ್ಲೇ ಉಳಿದವು. ಹದಿನೈದು ವರ್ಷದಿಂದ ಬಟ್ಟೆ ಕೈಗೆ ಬಂದ ಕೂಡಲೇ ಹೆಸರಿನ ಚೀಟಿ ಬರೆದು ಪಿನ್ನು ಚುಚ್ಚುವವಳು ನಾನು. ಆ ಫೈಲನ್ನು ಎತ್ತಿ ಆ ಕಡೆ ಇಡಬೇಕೆಂದು ನನಗೇ ಹೊಳೆಯಲಿಲ್ಲ.

ಅವತ್ತು ನಮ್ಮ ವಾರ್ಡಿನ ಸಿಸ್ಟರು ರಜೆ. ಗಂಡಸರ ವಾರ್ಡಿನ ಸುಮಿತ್ರಾ ಸಿಸ್ಟರಿಗೇ ಎರಡೂ ವಾರ್ಡು ಬಿದ್ದಿತ್ತು. ಪಾಳಿ ಬದಲಾಗುವಾಗ ಇಬ್ಬರೂ ಮಂಚದಿಂದ ಮಂಚಕ್ಕೆ ಬಂದು ರೋಗಿಯನ್ನು ತೋರಿಸಿ ಹೇಳಬೇಕಂತೆ. ಆ ದಿನ ಪುರುಸೊತ್ತಿಲ್ಲದೆ ಮೇಜಿನ ಹತ್ತಿರವೇ ನಿಂತು ಹೇಳಿ ಮುಗಿಸಿದ್ದರು. ನನ್ನ ಮುಖವನ್ನು ಅವರು ಮೊದಲು ನೋಡಿರಲೇ ಇಲ್ಲ. ಟ್ರೇ ಹಿಡಿದು ಬಂದು ಫೈಲು ನೋಡಿ "ಏಳು?" ಎಂದರು. ಏಳರಲ್ಲಿ ಕೂತಿದ್ದೆ, ಹೂಂ ಎಂದೆ. ತೋಳಿಗೆ ಚುಚ್ಚಿದರು. ದಿನಾ ಕೊಡುವ ಇಂಜೆಕ್ಷನ್ನು ಕೈಗೆ ಹಾಕಿದ್ದ ಕೊಳವೆಯಲ್ಲಿ ಹೋಗುತ್ತಿತ್ತು. ಇವತ್ತು ತೋಳಿಗೇಕೆ ಎಂದು ಕೇಳಲಿಲ್ಲ. ಸೂಜಿ ಸಣ್ಣದಿದೆ, ನೋವೇ ಆಗಲಿಲ್ಲ, ಒಳ್ಳೆಯ ಕೈ ಎಂದುಕೊಂಡೆ. ಅವರು ಗಂಡಸರ ವಾರ್ಡಿಗೆ ಓಡಿದರು.

ರಕ್ತ ಪರೀಕ್ಷೆಗೆಂದು ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅರ್ಧ ಗಂಟೆಯಾಗುವುದರೊಳಗೆ ಬೆವರು ಕಿತ್ತುಕೊಂಡು ಬಂತು. ಕೈ ನಡುಗಿತು. ಹಸಿವು, ಎಂಥ ಹಸಿವು ಅಂದರೆ ಹೊದಿಕೆಯನ್ನೇ ತಿನ್ನಬೇಕು ಅನ್ನಿಸುವಷ್ಟು. ವೀರೇಶ ಆಗಷ್ಟೇ ಬಂದು ಫ್ಲಾಸ್ಕ್ ತೊಳೆಯಲು ಹೋಗಿದ್ದ. ಕರೆಯಬೇಕೆಂದರೆ ಅವನ ಹೆಸರೇ ನೆನಪಿಗೆ ಬರಲಿಲ್ಲ. ಅಷ್ಟರಲ್ಲಿ ಎದುರಿನ ಅಜ್ಜಿ ಎದ್ದು ಕೂತು, ಸಿಸ್ಟರು ಬಾಗಿಲಲ್ಲಿ ಕಂಡ ಕೂಡಲೇ ಗೊಣಗಿದಳು. ನನ್ನ ಸೂಜಿ ಇನ್ನೂ ಹಾಕಿಲ್ಲ, ಮಗ ತಂದ ಇಡ್ಲಿ ತಣ್ಣಗಾಗುತ್ತಿದೆ ಎಂದಳು.

ಸಿಸ್ಟರು ಅಜ್ಜಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರ ಮುಖದ ಬಣ್ಣ ಹೋಗಿದ್ದು ನನ್ನ ಮಂಜು ಕಣ್ಣಿಗೂ ಕಂಡಿತು.

"ಡಾಕ್ಟರ್ನ ಕರೀರಿ," ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದರು. "ನನ್ನಿಂದ ತಪ್ಪಾಗೈತಿ. ಅಜ್ಜಿ ಇನ್ಸುಲಿನ್ ಇವರಿಗೆ ಕೊಟ್ಟೀನಿ."

ಅದಾದ ಮೇಲೆ ನನಗೆ ನೆನಪಿರುವುದು ತುಣುಕು ತುಣುಕು. ಬಾಯಲ್ಲಿ ಸಕ್ಕರೆಯ ಸಿಹಿ. ಕೈಯ ಕೊಳವೆಯಲ್ಲಿ ಏನೋ ಉರಿಯುತ್ತಾ ಏರಿದ್ದು. ನನ್ನ ಮಣಿಕಟ್ಟು ಹಿಡಿದ ಒಂದು ಕೈ, ಕಣ್ಣು ತೆಗೀರಿ, ನನ್ನ ನೋಡ್ರಿ ಎನ್ನುವ ದನಿ. ಎಚ್ಚರವಾದಾಗ ಮಧ್ಯಾಹ್ನ. ಆ ಕೈ ಇನ್ನೂ ಅಲ್ಲೇ ಇತ್ತು. ಡಾಕ್ಟರು ಆಮೇಲೆ ಹೇಳಿದರು, ನಿಮ್ಮದು ಮೊದಲೇ ದುರ್ಬಲ ಹೃದಯ, ಏನಾಗಿದೆ ಎಂದು ಹುಡುಕುತ್ತಾ ಕೂತಿದ್ದರೆ ಹೊತ್ತು ಮೀರುತ್ತಿತ್ತು ಎಂದು. ಸುಮಿತ್ರಾ ಸಿಸ್ಟರು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಹೃದಯದ ರೋಗಿ, ಬೆವತಳು, ಕುಸಿದಳು ಎಂದರೆ ಯಾರಿಗೆ ಅನುಮಾನ ಬರುತ್ತಿತ್ತು?

ಆಮೇಲಿನ ಮೂರು ದಿನ ಅವರು ಪಾಳಿ ಮುಗಿದರೂ ನನ್ನ ಹತ್ತಿರ ಬಂದು ಕೂರುತ್ತಿದ್ದರು. ಹೆಚ್ಚು ಮಾತಿಲ್ಲ. ಕಂಪ್ಲಿ ಕಡೆಯವರು, ಮನೆಯಲ್ಲಿ ತಾಯಿ ಇದ್ದಾರೆ ಎಂದಷ್ಟೇ ಗೊತ್ತಾಯಿತು. ಒಂದು ಸಂಜೆ ನನ್ನ ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ಬಾಚಿ ಹೆಣೆದರು. ಅವ್ವ ಹೋದ ಮೇಲೆ ನನ್ನ ತಲೆಗೆ ಬೇರೆಯವರ ಕೈ ತಾಗಿದ್ದು ಅದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ. ಅವರು ಏಕೆ ಎಂದು ಕೇಳಲೂ ಇಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ಈಗಲೂ ಕನ್ನಡಿಯ ಮುಂದೆ ಬಾಚಣಿಗೆ ಹಿಡಿದಾಗ ಆ ಸಂಜೆ ಬೇಕು ಅನ್ನಿಸುತ್ತದೆ.

ನಾಲ್ಕನೇ ದಿನ ಕೆಳಗಿನ ಕೋಣೆಗೆ ಕರೆದರು. ವೀಲ್‌ಚೇರಿನಲ್ಲಿ ಕೂರಿಸಿ ಕರೆದುಕೊಂಡು ಹೋದರು. ಆಸ್ಪತ್ರೆಯ ಮ್ಯಾನೇಜರು, ಡಾಕ್ಟರು, ಎಲ್ಲರೂ ದೊಡ್ಡ ಸಿಸ್ಟರ್ ಎಂದು ಕರೆಯುವ ಮೇಟ್ರನ್ ಅಲ್ಲಿದ್ದರು. ಸುಮಿತ್ರಾ ಸಿಸ್ಟರು ಗೋಡೆಯ ಹತ್ತಿರ ನಿಂತಿದ್ದರು. ಹೆಸರು ಕೇಳದೆ ಇಂಜೆಕ್ಷನ್ ಕೊಟ್ಟಿದ್ದು ತನ್ನ ತಪ್ಪು ಎಂದು ಅವರು ಬರೆದುಕೊಟ್ಟಿದ್ದರು. ಇನ್ನುಳಿದಿದ್ದು ಒಂದೇ ಪ್ರಶ್ನೆ. ಎರಡನೇ ಮಂಚದ ರೋಗಿಯನ್ನು ಪುಸ್ತಕದಲ್ಲಿ ಬರೆಯದೆ ಏಳಕ್ಕೆ ಹಾಕಿದ್ದು ಯಾರು? ಗಂಗಮ್ಮಜ್ಜಿಯನ್ನು ಹಿಂದಿನ ದಿನವೇ ಮಗ ಬಳ್ಳಾರಿಗೆ ಕರೆದುಕೊಂಡು ಹೋಗಿದ್ದ.

"ಸಿಸ್ಟರೇ ಹಾಕ್ಯಾರ," ಎಂದು ವೀರೇಶ ಜೋರು ಮಾಡಿದ. "ಮತ್ಯಾರು ಹಾಕ್ತಾರ? ನಮ್ಮಾಕಿಗೆ ಏನ್ ಗೊತ್ತಾಗ್ತದ?"

ಅವನು ಸುಳ್ಳು ಹೇಳಲಿಲ್ಲ, ಹಾಗೆಂದೇ ನಂಬಿದ್ದ. ಎಲ್ಲರೂ ನನ್ನನ್ನು ನೋಡಿದರು. ಅಜ್ಜಿಯ ಮಾತು, ಉತ್ತರದ ಗೋಡೆ, ನನ್ನ ಮೂರು ದಿಂಬು ಎಲ್ಲ ನಾಲಿಗೆಯ ತುದಿಗೆ ಬಂತು. ಜೊತೆಗೇ ಹೆದರಿಕೆಯೂ ಬಂತು. ನೀನೇ ಮಾಡಿಕೊಂಡದ್ದು ಎಂದು ಇವರು ಕೈ ತೊಳೆದುಕೊಂಡರೆ? ಇಷ್ಟು ಜನರ ಮುಂದೆ ಗಂಡನ ಮಾತು ಸುಳ್ಳಾಗಿ ಹೋದರೆ? ನಾನು ಹೂಂ ಎಂದು ತಲೆ ಆಡಿಸಿದೆ. ಸುಮಿತ್ರಾ ಸಿಸ್ಟರು ನನ್ನನ್ನು ಒಂದು ಸಲ ನೋಡಿ ನೆಲ ನೋಡಿದರು. ಮಾರನೇ ದಿನ ಅವರು ಬರಲಿಲ್ಲ. ಒಂದು ತಪ್ಪಾಗಿದ್ದರೆ ನೋಟಿಸು ಕೊಟ್ಟು ಬಿಡುತ್ತಿದ್ದರು, ಎರಡಾಯಿತು, ತೆಗೆದುಬಿಟ್ಟರು ಎಂದು ಆಯಾ ಹೇಳಿದಳು.

ಮನೆಗೆ ಬಂದೆ. ಮಾತ್ರೆಗಳಿಂದ ಉಸಿರು ಸರಿಯಾಯಿತು. ಉಪ್ಪು ಕಡಿಮೆ ಮಾಡಿದೆ, ಮೆಟ್ಟಿಲು ನಿಧಾನವಾಗಿ ಹತ್ತುವುದನ್ನು ಕಲಿತೆ, ಇಪ್ಪತ್ತೊಂದು ದಿನದ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಕೆಂಪು ಗುಂಡು ಹಾಕಿ ಇಟ್ಟುಕೊಂಡೆ. ಕಾಯಿಲೆಗೆ ಒಗ್ಗಿಕೊಳ್ಳುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಆ ಹೂಂಗೆ ಒಗ್ಗಿಕೊಳ್ಳಲು ಮಾತ್ರ ಆಗಲಿಲ್ಲ. ಪ್ರತಿ ಸಲ ಇಂಜೆಕ್ಷನ್ನಿಗೆ ಹೋದಾಗ, ಬಿಳಿ ಬಟ್ಟೆಯವರು ಯಾರು ಬಂದರೂ ಅವರೇ ಏನೋ ಎಂದು ಕತ್ತು ಚಾಚುತ್ತಿದ್ದೆ.

ಹೀಗೆ ಒಂದು ವರ್ಷದ ಮೇಲಾಯಿತು. ಒಂದು ದಿನ ಸಂಡೂರಿನ ಒಬ್ಬ ಮದುಮಗಳ ರೇಷ್ಮೆ ಬ್ಲೌಸನ್ನು ಬೇರೆಯವರ ಅಳತೆಗೆ ಕತ್ತರಿಸಿಬಿಟ್ಟೆ. ಎರಡು ಬಟ್ಟೆ ಮೇಜಿನ ಮೇಲಿತ್ತು, ಫೋನು ಬಂತು, ಮಾತಾಡುತ್ತಲೇ ಚೀಟಿ ಚುಚ್ಚಿದ್ದೆ. ಕತ್ತರಿ ಆಡಿದ ಮೇಲೆ ಗೊತ್ತಾಯಿತು. ಮದುಮಗಳ ತಾಯಿ ಅಂಗಡಿಗೆ ಬಂದ ಕೂಡಲೇ ನಾನೇ ಮೊದಲು, ತಪ್ಪಾಗಿದೆ, ನನ್ನಿಂದಲೇ ಆಗಿದೆ ಎಂದು ಬಟ್ಟೆ ಬಿಡಿಸಿ ತೋರಿಸಿದೆ. ಆಕೆ ಬಟ್ಟೆಯನ್ನು ತಿರುಗಿಸಿ ನೋಡಿದರು.

"ಬೈಬೇಕು ನಿಮಗ," ಎಂದರು. "ನೀವಾ ಮೊದ್ಲು ಹೇಳಿಬಿಟ್ರಿ, ಇನ್ನೇನು ಬೈಲಿ?"

ಬಗಲಿಗೆ ತುಂಡು ಸೇರಿಸಿ ಹೇಗೋ ಸರಿ ಮಾಡಿದೆ. ಆದರೆ ಅವರು ಹೋದ ಮೇಲೆ ಮಷಿನ್ನಿನ ಮುಂದೆ ಕೂತು ಹೊಲಿಯಲಾಗಲಿಲ್ಲ. ನನ್ನ ಕೈ ತಪ್ಪಿದರೆ ಕೆಡುವುದು ಬಟ್ಟೆ. ಸಿಸ್ಟರ ಕೈ ತಪ್ಪಿದರೆ ಹೋಗುವುದು ಜೀವ. ತಪ್ಪಾಗುವ ಬಗೆ ಮಾತ್ರ ಒಂದೇ. ಎರಡು ಕೆಲಸ ಒಬ್ಬರ ತಲೆಯ ಮೇಲೆ, ಕೇಳಬೇಕಾದ ಒಂದು ಮಾತು ಉಳಿದುಹೋಗುತ್ತದೆ, ಎದುರಿನವರೂ ಹೂಂ ಅಂದುಬಿಡುತ್ತಾರೆ. ಆ ಸಂಜೆ ವೀರೇಶನಿಗೆ ಎಲ್ಲ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಕೂತ. ಅವತ್ತೇ ಹೇಳಬಾರದಿತ್ತೇನು, ನನ್ನ ಬಾಯಿಂದಲೂ ಅನ್ಯಾಯ ಮಾಡಿಸಿದೆಯಲ್ಲ ಎಂದ.

ಮಾರನೇ ದಿನ ದೊಡ್ಡ ಸಿಸ್ಟರ್ ಹತ್ತಿರ ಹೋದೆ. ಮಂಚ ಬದಲಿಸಿದ್ದು ನಾನೇ, ಯಾರೂ ಹೇಳಿರಲಿಲ್ಲ ಎಂದೆ. ಅವರು ಕನ್ನಡಕ ತೆಗೆದಿಟ್ಟು ನನ್ನನ್ನು ನೋಡಿದರು. ಒಂದು ಹಾಳೆ ಕೊಟ್ಟು ಬರೆದುಕೊಡಿ ಎಂದರು. ಬರೆದು ಸಹಿ ಮಾಡಿದೆ. ಈಗ ಇದರಿಂದ ಅವರಿಗೆ ಕೆಲಸ ವಾಪಸ್ ಸಿಗುತ್ತದೆಯೇ ಎಂದು ಕೇಳಿದೆ. ಕರೆದರೂ ಅವಳು ಬರುವುದಿಲ್ಲ ಅನ್ನಿಸುತ್ತದೆ, ಆದರೆ ಹಾಳೆ ಅವಳ ಫೈಲಿನಲ್ಲಿ ಇರಲಿ ಎಂದರು. ಆಮೇಲೆ ವಾರ್ಡಿನ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ತೋರಿಸಿದರು. ನಂಬರು ಕರೆಯಬೇಡಿ, ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಮೂರನ್ನೂ ರೋಗಿಯೇ ಹೇಳಲಿ ಎಂದು ಅದರಲ್ಲಿತ್ತು. ಸುಮಿತ್ರಾ ಸಿಸ್ಟರು ಕೊನೆಯ ದಿನ ಕೊಟ್ಟ ಕಾಗದದಲ್ಲಿ ತನ್ನ ಬಗ್ಗೆ ಏನೂ ಕೇಳದೆ ಅದೊಂದನ್ನೇ ಕೇಳಿದ್ದರಂತೆ. ಈಗ ಅವರು ಎಮ್ಮಿಗನೂರಿನಲ್ಲಿ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿದ್ದಾರೆ ಎಂದೂ ಹೇಳಿದರು.

ಮುಂದಿನ ಕೆಂಪು ಗುಂಡಿನ ದಿನ ಇಂಜೆಕ್ಷನ್ನಿನ ಬಾಟಲಿ, ಚೀಟಿ ಎಲ್ಲ ಚೀಲದಲ್ಲಿಟ್ಟುಕೊಂಡು ಕಂಪ್ಲಿ ಬಸ್ಸು ಹತ್ತಿದೆ. ವೀರೇಶ ಬರುತ್ತೇನೆ ಎಂದ, ಬೇಡ ಎಂದೆ. ಕಂಪ್ಲಿಯಿಂದ ಆಚೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಾಗ ಅದೆಲ್ಲ ಹಾರಿಹೋಗಿತ್ತು. ಪರದೆಯ ಆಚೆಯಿಂದ ಅವರ ದನಿ ಕೇಳುತ್ತಿತ್ತು. ಬಂದವರನ್ನೆಲ್ಲ ಹೆಸರು, ಅಪ್ಪನ ಹೆಸರು, ಊರು ಕೇಳುತ್ತಿದ್ದರು. ಎಲ್ಲರೂ ಅದೇ ಊರಿನವರು, ದಿನಾ ನೋಡುವ ಮುಖಗಳು. ಆದರೂ ಕೇಳುತ್ತಿದ್ದರು. ನನ್ನ ಸರದಿ ಬಂತು. ಅವರು ತಲೆ ಬಗ್ಗಿಸಿ ಬರೆಯುತ್ತಿದ್ದರು.

"ಹೆಸರು ಹೇಳ್ರಿ."

"ಹುಲಿಗೆಮ್ಮ."

"ಗಂಡನ ಹೆಸರು, ಊರು?"

"ವೀರೇಶ. ಟಿ.ಬಿ. ಡ್ಯಾಂ."

ಪೆನ್ನು ನಿಂತಿತು. ತಲೆ ಎತ್ತಿದರು. ಕೂದಲು ಸ್ವಲ್ಪ ನೆರೆತಿತ್ತು, ಕಣ್ಣು ಅವೇ. ಉಸಿರು ಹೆಂಗೈತ್ರಿ ಎಂದು ಕೇಳಿದರು, ನಿನ್ನೆಯಷ್ಟೇ ಬಿಟ್ಟುಹೋದವರ ಹಾಗೆ. ನಾನು ನಿಂತೇ ಎಲ್ಲ ಹೇಳಿದೆ. ಮಂಚ ಬದಲಿಸಿದ್ದು ನಾವು, ಹೂಂ ಅಂದಿದ್ದು ಸುಳ್ಳು, ಬರೆದುಕೊಟ್ಟು ಬಂದಿದ್ದೇನೆ ಎಂದೆ.

"ಗೊತ್ತೈತ್ರಿ," ಎಂದರು. "ಅಜ್ಜಿ ಅವತ್ತಾ ಹೇಳಿದ್ಲು ನನಗ."

"ಮತ್ತ ಅಲ್ಲೆ ಯಾಕ ಹೇಳಲಿಲ್ರಿ?"

"ನೀವು ಆಗಷ್ಟಾ ಎದ್ದು ಕುಂತಿದ್ರಿ. ನಿಮ್ಮ ಮಾತು ಸುಳ್ಳು ಅನ್ನಾಕ ನನಗ ಬಾಯಿ ಬರಲಿಲ್ಲ. ಮಂಚ ಯಾರಾರ ಬದಲಿ ಮಾಡಿರ್ಲಿ, ಹೆಸರು ಕೇಳಬೇಕಾದಾಕಿ ನಾನು."

ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಈ ಸಲ ನೀವೇ ಹಾಕಿ ಎಂದು ಕೇಳಿದೆ. ಅದಕ್ಕಾಗಿಯೇ ಅಷ್ಟು ದೂರ ಬಂದಿದ್ದೆ ಎಂದು ಕೇಳುವಾಗಲೇ ನನಗೆ ಗೊತ್ತಾಗಿದ್ದು. ಅವರು ಕೈ ತೊಳೆದರು. ಚೀಟಿಯನ್ನು ಎರಡು ಸಲ ಓದಿದರು. ಔಷಧಿ ಕಲಸಿ ಸಿರಿಂಜಿಗೆ ಎಳೆದರು. ಆಮೇಲೆ ಅದನ್ನು ಟ್ರೇಯಲ್ಲಿ ಇಟ್ಟುಬಿಟ್ಟರು. ಡಾಕ್ಟರನ್ನು ಕರೆದರು. ಇಂಜೆಕ್ಷನ್ ಹಾಕಿದ್ದು ಡಾಕ್ಟರು, ಸಿಸ್ಟರು ನನ್ನ ತಲೆಯ ಹತ್ತಿರ ನಿಂತು ಮಣಿಕಟ್ಟು ಹಿಡಿದುಕೊಂಡಿದ್ದರು. ನೋವು ಕಾಲಿನವರೆಗೂ ಹೋಯಿತು. ನನಗೆ ಆ ಕೈ ಬಿಡುವುದು ಬೇಡವಾಗಿತ್ತು.

ಹೊರಡುವಾಗ ಬಾಗಿಲವರೆಗೆ ಬಂದರು.

"ಮತ್ತ ಬರಬ್ಯಾಡ್ರಿ," ಎಂದರು. "ನಿಮ್ಮನ್ನ ನೋಡಿದ್ರ ನನಗ ಕೈ ನಡುಗ್ತಾವ. ಇಲ್ಲೆ ದಿನಾ ಮಂದಿಗೆ ಸೂಜಿ ಹಾಕಬೇಕು ನಾನು."

ಕೋಪವಿರಲಿಲ್ಲ ಅವರ ಮಾತಿನಲ್ಲಿ. ನಾನು ತಲೆ ಆಡಿಸಿದೆ. ಈ ಸಲದ ಹೂಂ ನಿಜವಾದದ್ದು, ಅದಕ್ಕೇ ಕಷ್ಟವಾಯಿತು. ಬಸ್ಸಿಗೆ ಕುಂಟುತ್ತಾ ಹತ್ತು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಕರೆದರು. ಚೀಟಿಯ ಹಿಂದೆ ಒಂದು ನಂಬರು ಬರೆದುಕೊಟ್ಟರು. ಇಂಜೆಕ್ಷನ್ ಹಾಕಿಸಿಕೊಂಡ ದಿನ ಒಂದು ಮಿಸ್ಡ್ ಕಾಲ್ ಕೊಡಿ, ಮಾತಾಡಬೇಡಿ, ತಪ್ಪಿಸಿಲ್ಲ ಎಂದು ಗೊತ್ತಾದರೆ ಸಾಕು ಎಂದರು.

ಈಗ ಹೊಸಪೇಟೆಯಲ್ಲೇ ಹಾಕಿಸಿಕೊಳ್ಳುತ್ತೇನೆ. ಹೊಸ ಸಿಸ್ಟರು ಕೇಳುವ ಮೊದಲೇ ಹೆಸರು, ಗಂಡನ ಹೆಸರು, ಊರು ಮೂರನ್ನೂ ಗಟ್ಟಿಯಾಗಿ ಹೇಳುತ್ತೇನೆ, ಅವರು ನಗುತ್ತಾರೆ. ಮನೆಗೆ ಬಂದು, ವೀರೇಶ ತಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಂದು ಕಡೆ ವಾಲಿಕೊಂಡು ಕೂತು, ಆ ನಂಬರು ಒತ್ತುತ್ತೇನೆ. ಎರಡು ಸಲ ರಿಂಗಾಗಲು ಬಿಟ್ಟು ಕಟ್ ಮಾಡುತ್ತೇನೆ. ಆಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತೇನೆ. ಕೆಲವೊಮ್ಮೆ ಕೂಡಲೇ, ಕೆಲವೊಮ್ಮೆ ಸಂಜೆಯ ಹೊತ್ತಿಗೆ, ಅದು ಒಂದೇ ಒಂದು ಸಲ ರಿಂಗಾಗಿ ನಿಲ್ಲುತ್ತದೆ. ಎತ್ತಬೇಕು ಅನ್ನಿಸುತ್ತದೆ. ಎತ್ತುವುದಿಲ್ಲ.